ನಾಲ್ವರ ಕೂಟ ಹುಟ್ಟಿದ ಊರು

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಲೀಡ್ಸ್ ಬರುತ್ತದೆ. ಇಂಗ್ಲೆಂಡ್ ನೋಡಲು ಹೊರಟವರ ಪಟ್ಟಿಯಲ್ಲಿ ಈ ಊರಿನ ಹೆಸರು ಇರುವುದು ಅಪರೂಪ. ಕ್ರಿಕೆಟ್ ಹುಚ್ಚಿನವರಿಗೆ ಮಾತ್ರ ಇದು ಹೆಡಿಂಗ್ಲಿ ಮೈದಾನದ ಊರು. 2002ರಲ್ಲಿ ರಾಹುಲ್ ದ್ರಾವಿಡ್ 148 ರನ್ ಹೊಡೆದು ಭಾರತವನ್ನು ಗೆಲ್ಲಿಸಿದ ಊರು. ಮಿಕ್ಕವರಿಗೆ ಇದು ಸ್ಕಾಟ್ಲೆಂಡಿನ ದಾರಿಯಲ್ಲಿ ಬದಿಗೆ ಉಳಿದುಬಿಡುವ ಹೆಸರು, ಅಷ್ಟೆ.

ಆದರೆ ರಾಕ್ ಸಂಗೀತದ ಬೆನ್ನು ಹತ್ತಿದವರು ಈ ಊರಿಗೆ ಬೇರೆಯೇ ಒಂದು ನಕ್ಷೆ ಹಿಡಿದು ಬರುತ್ತಾರೆ. ಅದರಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಒಂದು ವಿಶ್ವವಿದ್ಯಾಲಯ, ಅದರ ಮಗ್ಗುಲಲ್ಲೇ ಒಂದು ಹೆಂಡದಂಗಡಿ, ಅಲ್ಲಿಂದ ಇಳಿಜಾರಿನಲ್ಲಿ ಸಾಗಿ ನದಿ ಮುಟ್ಟುವ ರಸ್ತೆ. ಒಟ್ಟು ಅರ್ಧ ಗಂಟೆಯ ನಡಿಗೆ. ಎಪ್ಪತ್ತರ ದಶಕದ ಕೊನೆಯಲ್ಲಿ ಇಷ್ಟೇ ಜಾಗದಲ್ಲಿ ಓಡಾಡಿಕೊಂಡಿದ್ದ ನಾಲ್ವರು ಹುಡುಗರು ‘ಗ್ಯಾಂಗ್ ಆಫ್ ಫೋರ್’ ಎಂಬ ವಾದ್ಯವೃಂದ ಕಟ್ಟಿದರು. ಮನರಂಜನೆ ಎಂಬ ಸರಕನ್ನು ಮಾರುತ್ತಲೇ ಆ ಸರಕಿನ ಬೆಲೆಪಟ್ಟಿಯನ್ನು ಜೋರಾಗಿ ಓದಿ ಹೇಳುವುದು ಅವರ ಕಸುಬು.

ಬೆಲೆಪಟ್ಟಿ ಎಂಬ ಮಾತು ಈ ಊರಿಗೆ ಚೆನ್ನಾಗಿಯೇ ಒಪ್ಪುತ್ತದೆ. ಲೀಡ್ಸ್ ಬೆಳೆದದ್ದೇ ಬಟ್ಟೆಯಿಂದ, ವ್ಯಾಪಾರದಿಂದ. ಏರ್ ನದಿ, ಲಿವರ್‌ಪೂಲಿಗೆ ಹೋಗುವ 127 ಮೈಲಿಯ ಕಾಲುವೆ, ಇವೆರಡರ ದಂಡೆಯಲ್ಲಿ ಉಣ್ಣೆ ಮತ್ತು ಅಗಸೆ ನಾರಿನ ಗಿರಣಿಗಳು ಎದ್ದವು. ಹೋಲ್ಬೆಕ್ ಬಡಾವಣೆಯಲ್ಲಿ ಜಾನ್ ಮಾರ್ಷಲ್ ಎಂಬ ಧಣಿ 1840ರ ಹೊತ್ತಿಗೆ ಕಟ್ಟಿ ಮುಗಿಸಿದ ಟೆಂಪಲ್ ಮಿಲ್ ಈಗಲೂ ಇದೆ. ಮುಂಭಾಗ ಥೇಟ್ ಈಜಿಪ್ಟಿನ ದೇವಾಲಯ. ಒಳಗಿನ ಹವೆ ತೇವವಾಗಿರಲೆಂದು ಚಾವಣಿಯ ಮೇಲೆ ಹುಲ್ಲು ಬೆಳೆಸಿ, ಹುಲ್ಲು ಮೇಯಲು ಕುರಿ ಬಿಟ್ಟಿದ್ದರಂತೆ! 1884ರಲ್ಲಿ ಮೈಕೆಲ್ ಮಾರ್ಕ್ಸ್ ಎಂಬ ವಲಸಿಗ ಇಲ್ಲಿನ ಕರ್ಕ್‌ಗೇಟ್ ಮಾರುಕಟ್ಟೆಯಲ್ಲಿ ಎಲ್ಲದಕ್ಕೂ ಒಂದೇ ಪೆನ್ನಿ ಎನ್ನುವ ಅಂಗಡಿ ಹಾಕಿದ. ಅದೇ ಮುಂದೆ ‘ಮಾರ್ಕ್ಸ್ ಅಂಡ್ ಸ್ಪೆನ್ಸರ್’ ಆಯಿತು. ಇನ್ನೊಬ್ಬ ಮಾರ್ಕ್ಸ್‌ನನ್ನು ಓದಿದ ಹುಡುಗರು ಇದೇ ಊರಿನಲ್ಲಿ ಕೊಳ್ಳುವಿಕೆಯ ಬಗ್ಗೆ ಹಾಡು ಕಟ್ಟಿದ್ದು ಕಾಕತಾಳೀಯ ಎನ್ನಿ. ಆದರೂ ಸೊಗಸಾದ ಕಾಕತಾಳೀಯ.

ಎಪ್ಪತ್ತರ ದಶಕಕ್ಕೆ ಬರುವಷ್ಟರಲ್ಲಿ ಗಿರಣಿಗಳ ಕಾಲ ಮುಗಿಯುತ್ತ ಬಂದಿತ್ತು. ಒಂದು ಕಾಲಕ್ಕೆ 10,000 ಜನ ಸೂಟು ಹೊಲಿಯುತ್ತಿದ್ದ ಬರ್ಟನ್ ಕಾರ್ಖಾನೆಯ ವೈಭವವೂ ಕರಗಿತ್ತು. ಮಸಿ ಹಿಡಿದ ಕಲ್ಲಿನ ಕಟ್ಟಡಗಳು, ಬೆನ್ನಿಗೆ ಬೆನ್ನು ಹಚ್ಚಿ ನಿಂತ ಕೆಂಪು ಇಟ್ಟಿಗೆಯ ಕೂಲಿ ಮನೆಗಳು, ನಡುವೆ ಹೊಸ ಕಾಂಕ್ರೀಟು ರಸ್ತೆಗಳು. ‘ಎಪ್ಪತ್ತರ ದಶಕದ ಹೆದ್ದಾರಿ ನಗರ’ ಎಂದು ಊರು ತನ್ನನ್ನು ತಾನೇ ಕರೆದುಕೊಂಡಿತ್ತು. ಅಂಚೆ ಮುದ್ರೆಯಲ್ಲೂ ಅದೇ ಘೋಷಣೆ.

ಗುಡ್ಡದ ಮೇಲಿನ ಪಾಠ

ಊರಿನ ಎತ್ತರದ ಜಾಗದಲ್ಲಿ ವಿಶ್ವವಿದ್ಯಾಲಯವಿದೆ. ಪಾರ್ಕಿನ್‌ಸನ್ ಕಟ್ಟಡದ ಬಿಳಿ ಗೋಪುರ ದೂರದಿಂದಲೇ ಕಾಣುತ್ತದೆ. ರಾಕ್ ಚರಿತ್ರೆ ಬಲ್ಲವರು ಮೊದಲು ವಿಚಾರಿಸುವುದು ಇಲ್ಲಿನ ಊಟದ ಮನೆಯನ್ನು. 1970ರ ಫೆಬ್ರವರಿ 14ರಂದು ‘ದ ಹೂ’ ತಂಡ ತನ್ನ ಪ್ರಸಿದ್ಧ ‘ಲೈವ್ ಅಟ್ ಲೀಡ್ಸ್’ ತಟ್ಟೆಯನ್ನು ಧ್ವನಿಮುದ್ರಿಸಿಕೊಂಡದ್ದು ವಿದ್ಯಾರ್ಥಿಗಳು ಊಟ ಮಾಡುವ ಆ ಹಾಲ್‌ನಲ್ಲಿಯೇ. ಆದರೆ ಈ ಕಥೆಗೆ ಬೇಕಾದದ್ದು ಊಟದ ಮನೆಯಲ್ಲ, ಲಲಿತಕಲಾ ವಿಭಾಗ.

ದಕ್ಷಿಣದ ಕೆಂಟ್ ಪ್ರಾಂತದ ಒಂದೇ ಶಾಲೆಯಲ್ಲಿ ಕಲಿತ ಜಾನ್ ಕಿಂಗ್ ಮತ್ತು ಆಂಡಿ ಗಿಲ್ ಚಿತ್ರಕಲೆ ಓದಲು ಇಲ್ಲಿಗೆ ಬಂದರು. ಆಗ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದವರು ಟಿ. ಜೆ. ಕ್ಲಾರ್ಕ್. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಗಳನ್ನು ಬೀದಿಯ ರಾಜಕೀಯದ ಜೊತೆಗಿಟ್ಟು ಓದಿದ ವಿದ್ವಾಂಸ ಅವರು. ಸ್ತ್ರೀವಾದಿ ಕಲಾಚರಿತ್ರೆಯಲ್ಲಿ ದೊಡ್ಡ ಹೆಸರಾದ ಗ್ರಿಸೆಲ್ಡಾ ಪೊಲಕ್ ಕೂಡ ಅಲ್ಲಿ ಪಾಠ ಹೇಳುತ್ತಿದ್ದರು. ಚಿತ್ರ ಚೆನ್ನಾಗಿದೆಯೇ ಎಂಬುದಕ್ಕಿಂತ ಅದಕ್ಕೆ ಹಣ ಕೊಟ್ಟವರು ಯಾರು, ಅದರಲ್ಲಿ ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂದು ಕೇಳುವ ಪಾಠ ಅದು. ಈ ಪ್ರಶ್ನೆಗಳನ್ನೇ ಹುಡುಗರು ಚಿತ್ರದಿಂದ ಕಿತ್ತು ಗಿಟಾರಿಗೆ ಕಟ್ಟಿದರು. ಅದೇ ವಿಭಾಗದ ಸುತ್ತಮುತ್ತಲೇ ‘ಮೀಕಾನ್ಸ್’, ‘ಡೆಲ್ಟಾ 5’ ಎಂಬ ತಂಡಗಳೂ ಹುಟ್ಟಿದ್ದನ್ನು ನೋಡಿದರೆ ಅಲ್ಲಿನ ಪಾಠದಲ್ಲಿ ಏನೋ ಇತ್ತು ಎನ್ನಲೇಬೇಕು.

1976ರಲ್ಲಿ ಕಿಂಗ್ ಮತ್ತು ಗಿಲ್ ಕಲೆ ನೋಡಿ ಬರಲೆಂದು ವಿಶ್ವವಿದ್ಯಾಲಯ ಕೊಟ್ಟ ಹಣದಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ಸಂಜೆಗಳನ್ನು ಕಳೆದದ್ದು ಸಿಬಿಜಿಬಿ ಎಂಬ ಇಕ್ಕಟ್ಟಾದ ಬಾರಿನಲ್ಲಿ. ಹೊಸ ತಂಡಗಳು ವೇದಿಕೆ ಹತ್ತುತ್ತಿದ್ದ ಜಾಗ ಅದು. ಮರಳಿ ಬಂದ ಮೇಲೆ ಇಂಗ್ಲಿಷ್ ಓದುತ್ತಿದ್ದ ಹ್ಯೂಗೋ ಬರ್ನ್‌ಹ್ಯಾಮ್ ಡ್ರಮ್ಸಿಗೆ ಕೂತ. ಸೂಚನಾ ಫಲಕದಲ್ಲಿ ಅಂಟಿಸಿದ್ದ ಚೀಟಿ ನೋಡಿ ಡೇವ್ ಆಲನ್ ಬಂದ. ನಾಲ್ವರಲ್ಲಿ ಬೇಸ್ ಗಿಟಾರನ್ನು ನಿಜವಾಗಿ ಬಲ್ಲ, ವಿಶ್ವವಿದ್ಯಾಲಯದ ಹಂಗಿಲ್ಲದ ಹುಡುಗ ಅವನೊಬ್ಬನೇ. ಅದೇ 1976ರ ಅಕ್ಟೋಬರಿನಲ್ಲಿ ಚೀನಾದಲ್ಲಿ ಮಾವೋ ವಿಧವೆ ಜಿಯಾಂಗ್ ಚಿಂಗ್ ಮತ್ತು ಮೂವರು ಸಂಗಾತಿಗಳು ಸೆರೆಯಾಗಿದ್ದರು. ಪತ್ರಿಕೆಗಳಲ್ಲೆಲ್ಲ ‘ನಾಲ್ವರ ಕೂಟ’ದ್ದೇ ಸುದ್ದಿ. ಇವರೂ ನಾಲ್ವರು. ಹೆಸರು ಹುಡುಕಲು ದೂರ ಹೋಗಬೇಕಾಗಲಿಲ್ಲ.

ಫೆಂಟನ್ನಿನ ಗಾಜಿನ ಲೋಟಗಳು

ವಿಶ್ವವಿದ್ಯಾಲಯದಿಂದ ವುಡ್‌ಹೌಸ್ ಲೇನ್ ಹಿಡಿದು ನಾಲ್ಕು ಹೆಜ್ಜೆ ಇಳಿದರೆ ‘ಫೆಂಟನ್’ ಪಬ್. ಹೊರಗಿನಿಂದ ನೋಡಿದರೆ ಅಲ್ಲಿ ವಿಶೇಷವೇನೂ ಇಲ್ಲ. ಎಡಪಂಥದ ವಿದ್ಯಾರ್ಥಿಗಳು, ಅಧ್ಯಾಪಕರು, ಮೂರೂ ತಂಡಗಳವರು ಸಂಜೆ ಸೇರುತ್ತಿದ್ದದ್ದು ಇಲ್ಲಿ. ಹರಟೆ, ಜಗಳ, ಮಾರ್ಕ್ಸ್, ಬ್ರೆಕ್ಟ್, ಬಿಯರ್. ಕೇಳಿದರೆ ಅನುಕೂಲಸ್ಥ ಹುಡುಗರ ಚಾವಡಿ ಚರ್ಚೆ ಎನಿಸಬಹುದು. ಹಾಗೆ ಅಣಕಿಸಿದವರು ಆಗಲೂ ಇದ್ದರು.

ಆದರೆ ಆ ಕಾಲದ ಲೀಡ್ಸ್‌ನಲ್ಲಿ ಚರ್ಚೆಗೂ ರಕ್ತಕ್ಕೂ ಬಹಳ ಅಂತರವಿರಲಿಲ್ಲ. ವಲಸಿಗರನ್ನು ಓಡಿಸಬೇಕೆನ್ನುವ ನ್ಯಾಷನಲ್ ಫ್ರಂಟ್ ಪಕ್ಷಕ್ಕೆ ಈ ಊರಿನಲ್ಲಿ ಗಟ್ಟಿ ನೆಲೆಯಿತ್ತು. ಜನಾಂಗ ದ್ವೇಷದ ವಿರುದ್ಧ ಸಂಗೀತಗಾರರು ‘ರಾಕ್ ಅಗೇನ್‌ಸ್ಟ್ ರೇಸಿಸಂ’ ಕಟ್ಟಿದಾಗ ಅದಕ್ಕೆ ಎದುರಾಗಿ ಫ್ರಂಟಿನವರು 1978ರಲ್ಲಿ ‘ರಾಕ್ ಅಗೇನ್‌ಸ್ಟ್ ಕಮ್ಯುನಿಸಂ’ ಎಂಬ ಅಂಗಡಿ ತೆರೆದದ್ದು ಇದೇ ಲೀಡ್ಸ್‌ನಲ್ಲಿ. ಒಂದು ರಾತ್ರಿ ಫ್ರಂಟಿನ ಗುಂಪು ಫೆಂಟನ್ನಿಗೆ ನುಗ್ಗಿತು. ಗಾಜಿನ ಲೋಟಗಳು ಹಾರಾಡಿದವು, ತಲೆಗಳು ಒಡೆದವು. ಮೊನ್ನೆಯವರೆಗೆ ಪುಸ್ತಕದಲ್ಲಿದ್ದ ಫ್ಯಾಸಿಸಂ ಈಗ ಬಾಗಿಲಲ್ಲಿ ನಿಂತಿತ್ತು.

ಊರಿನ ಮೇಲೆ ಇನ್ನೂ ಎರಡು ನೆರಳುಗಳಿದ್ದವು. ನೈಜೀರಿಯಾದಿಂದ ಬಂದ ಡೇವಿಡ್ ಒಲುವಾಲೆ ಎಂಬ ಮನೆಮಾರಿಲ್ಲದ ಮನುಷ್ಯನ ಹೆಣ 1969ರಲ್ಲಿ ಏರ್ ನದಿಯಲ್ಲಿ ಸಿಕ್ಕಿತ್ತು. ಅವನನ್ನು ಹಿಂಸಿಸಿದ್ದಕ್ಕಾಗಿ ಇಬ್ಬರು ಪೊಲೀಸರಿಗೆ 1971ರಲ್ಲಿ ಶಿಕ್ಷೆಯಾಯಿತು. ಇನ್ನೊಂದು ನೆರಳು ಪೀಟರ್ ಸಟ್‌ಕ್ಲಿಫ್‌ನದು. 1975ರಿಂದ 1980ರವರೆಗೆ ಲೀಡ್ಸ್ ಮತ್ತು ಸುತ್ತಿನ ಊರುಗಳಲ್ಲಿ ಹದಿಮೂರು ಹೆಂಗಸರನ್ನು ಕೊಂದವನು. ರಾತ್ರಿ ಹೊತ್ತು ಹೆಂಗಸರು ಒಂಟಿಯಾಗಿ ಹೊರಗೆ ಬರಬೇಡಿರೆಂದು ಪೊಲೀಸರು ಬುದ್ಧಿ ಹೇಳಿದರು. ಮನೆಯಲ್ಲಿರಬೇಕಾದದ್ದು ಗಂಡಸರಲ್ಲವೇ ಎಂದು ಕೇಳುತ್ತ 1977ರ ನವೆಂಬರಿನಲ್ಲಿ ಲೀಡ್ಸ್‌ನ ಹೆಂಗಸರು ಪಂಜು ಹಿಡಿದು ಬೀದಿಗಿಳಿದರು. ಗಂಡು ಹೆಣ್ಣಿನ ಸಂಬಂಧವನ್ನು ಪ್ರೇಮಗೀತೆಯ ಸಕ್ಕರೆಯಿಲ್ಲದೆ, ಕರಾರುಪತ್ರದ ಭಾಷೆಯಲ್ಲಿ ಪರೀಕ್ಷಿಸುವ ಹಾಡುಗಳು ಈ ಊರಿನಿಂದಲೇ ಏಕೆ ಬಂದವು ಎಂದು ಕೇಳುವವರು ಈ ಬೀದಿಗಳಲ್ಲಿ ಒಮ್ಮೆ ಕತ್ತಲಾದ ಮೇಲೆ ನಡೆಯಬೇಕು.

ಸದ್ದಿಲ್ಲದ ಜಾಗ

1978ರಲ್ಲಿ ಎಡಿನ್‌ಬರೋದ ‘ಫಾಸ್ಟ್ ಪ್ರಾಡಕ್ಟ್’ ಎಂಬ ಪುಟ್ಟ ಕಂಪನಿ ಅವರ ಮೊದಲ ತಟ್ಟೆ ‘ಡ್ಯಾಮೇಜ್ಡ್ ಗೂಡ್ಸ್’ ಹೊರತಂದಿತು. ಮರುವರ್ಷ ‘ಎಂಟರ್‌ಟೇನ್‌ಮೆಂಟ್!’ ಬಂತು. ಕೊನೆಯ ಆ ಉದ್ಗಾರ ಚಿಹ್ನೆಯೂ ಹೆಸರಿನ ಭಾಗವೇ. ರಕ್ಷಾಕವಚದ ಮೇಲೆ ಅಮೆರಿಕದ ಮೂಲನಿವಾಸಿಯೊಬ್ಬ ಕೌಬಾಯ್ ಕೈ ಕುಲುಕುವ ಚಿತ್ರ ಮೂರು ಸಲ ಬರುತ್ತದೆ. ಪಕ್ಕದ ಬರಹ ಓದಿದಾಗಲೇ ಗೊತ್ತಾಗುವುದು, ಒಬ್ಬನ ನಗು ನಂಬಿಕೆಯದು, ಇನ್ನೊಬ್ಬನದು ಟೋಪಿ ಹಾಕಿದ ಸಂತೋಷದ್ದು.

ಸಂಗೀತ ಹೇಗಿತ್ತು? ಪಂಕ್ ಎಂದರೆ ಗದ್ದಲ, ಮೂರು ಸ್ವರಗುಚ್ಛ, ಬೈಗುಳ ಎಂದು ಜನ ತಿಳಿದಿದ್ದ ಕಾಲ. ಅದರ ಬೆನ್ನಲ್ಲೇ ಬಂದ ಪೋಸ್ಟ್ ಪಂಕ್‌ನವರು ಆ ಸಿಟ್ಟನ್ನು ಇಟ್ಟುಕೊಂಡು ಗದ್ದಲವನ್ನು ಬಿಟ್ಟರು. ಗ್ಯಾಂಗ್ ಆಫ್ ಫೋರ್‌ನವರು ಜಮೈಕಾದ ಡಬ್‌ನಿಂದ, ಅಮೆರಿಕದ ಕರಿಯರ ಫಂಕ್‌ನಿಂದ ತಾಳ ಕಲಿತರು. ಬೇಸ್ ಮತ್ತು ಡ್ರಮ್ಸ್ ಕುಣಿಸುತ್ತವೆ. ಗಿಲ್‌ನ ಗಿಟಾರ್ ಆ ಕುಣಿತವನ್ನು ಅಲ್ಲಲ್ಲಿ ಗಾಜಿನ ಚೂರಿನಂತೆ ಕೊಯ್ಯುತ್ತದೆ. ವಾಲ್ವ್ ಆಂಪ್ಲಿಫೈಯರಿನ ಬೆಚ್ಚಗಿನ ನಾದ ಅವನಿಗೆ ಬೇಡ. ಟ್ರಾನ್ಸಿಸ್ಟರಿನ ಒಣ, ತಣ್ಣನೆಯ ಸದ್ದೇ ಬೇಕು. ಗಿಟಾರ್ ವಾದಕ ಒಬ್ಬನೇ ಮುಂದೆ ಬಂದು ಮೆರೆಯುವ ಸೋಲೋ ಬರಬೇಕಾದ ಕಡೆ ಅವನು ಸುಮ್ಮನಾಗಿಬಿಡುತ್ತಾನೆ. ಚೆಂಡೆಯವನು ಪೆಟ್ಟು ತಡೆಹಿಡಿದಾಗ ಸಭೆ ಉಸಿರು ಬಿಗಿಹಿಡಿಯುವುದಿಲ್ಲವೇ, ಅಂಥ ಖಾಲಿ ಜಾಗ. ಅವರ ಹಾಡಿನಲ್ಲಿ ಸದ್ದಿಗಿಂತ ಸದ್ದಿಲ್ಲದ ಆ ಜಾಗವೇ ಹೆಚ್ಚು ಮಾತಾಡುತ್ತದೆ. ಯಾವ ವಾದ್ಯವೂ ದೊರೆಯಲ್ಲ, ಯಾವುದೂ ಆಳಲ್ಲ. ಹಾಡುಗಳ ಕರ್ತೃತ್ವವೂ ನಾಲ್ವರ ಹೆಸರಿನಲ್ಲೇ.

ರಂಗದ ಮೇಲೆ ಇದನ್ನು ಕಣ್ಣಾರೆ ಕಾಣಬಹುದಿತ್ತು. ಜಾನ್ ಕಿಂಗ್ ನಿಂತಲ್ಲಿ ನಿಲ್ಲುವವನಲ್ಲ. ಒಂದು ಮೈಕಿನಿಂದ ಇನ್ನೊಂದಕ್ಕೆ ಓಡುವುದು, ಬೀಳುವುದು, ತೆವಳುವುದು, ಎದ್ದು ಮತ್ತೆ ಹಾಡುವುದು. ಪಕ್ಕದಲ್ಲಿ ಗಿಲ್, ಮುಖದಲ್ಲಿ ಒಂದು ಗೆರೆಯೂ ಮಿಸುಕದೆ, ಸಾಲ ವಸೂಲಿಗೆ ಬಂದವನಂತೆ ಜನರನ್ನು ದಿಟ್ಟಿಸುತ್ತ. ‘ಆಂಥ್ರಾಕ್ಸ್’ ಎಂಬ ಹಾಡಿನಲ್ಲಿ ಗಿಟಾರ್ ಮೊದಲು ಬಹಳ ಹೊತ್ತು ಊಳಿಡುತ್ತದೆ. ಆಮೇಲೆ ಕಿಂಗ್ ಪ್ರೇಮವನ್ನು ದನಕ್ಕೆ ಬರುವ ನೆರಡಿ ರೋಗಕ್ಕೆ ಹೋಲಿಸಿ ಹಾಡತೊಡಗುತ್ತಾನೆ. ಅದೇ ಹೊತ್ತಿಗೆ ಗಿಲ್, ಎಲ್ಲ ತಂಡಗಳೂ ಪ್ರೇಮದ ಬಗ್ಗೆಯೇ ಏಕೆ ಹಾಡುತ್ತವೆ ಎಂದು ತಣ್ಣಗೆ ಭಾಷಣ ಮಾಡುತ್ತಿರುತ್ತಾನೆ. ಎರಡೂ ಒಟ್ಟಿಗೆ. ಯಾವುದನ್ನು ಕೇಳುವುದು ಎಂಬುದು ಕೇಳುಗನ ಪಾಡು. ‘ಹಿ’ಡ್ ಸೆಂಡ್ ಇನ್ ದಿ ಆರ್ಮಿ’ ಹಾಡಿಗೆ ತಾಳವಾದ್ಯವೆಂದು ಏನನ್ನಾದರೂ ಬಡಿಯುವ ಪದ್ಧತಿಯಿತ್ತು. 2004ರಲ್ಲಿ ಮೂಲ ನಾಲ್ವರು ಮತ್ತೆ ಕೂಡಿ ಊರೂರು ತಿರುಗಿದಾಗ ಕಿಂಗ್ ಮೈಕ್ರೋವೇವ್ ಒಲೆಯೊಂದನ್ನು ವೇದಿಕೆಯ ಮೇಲಿಟ್ಟು ಬೇಸ್‌ಬಾಲ್ ಬ್ಯಾಟಿನಿಂದ ತಾಳಬದ್ಧವಾಗಿ ಜಜ್ಜುತ್ತಿದ್ದ. ಅಡುಗೆಮನೆಯ ಸರಕು ಚೂರಾಗುವುದನ್ನು ನೋಡಿ ಜನ ಕುಣಿದರು. ಅದೂ ಮನರಂಜನೆಯೇ ಆಯಿತಲ್ಲ ಎಂದು ನಕ್ಕವರೂ ಇದ್ದಿರಬೇಕು.

ಮನರಂಜನೆಯ ಮಾರುಕಟ್ಟೆಯೊಡನೆ ಅವರ ಸಂಬಂಧ ಮೊದಲಿನಿಂದಲೂ ಹೀಗೆಯೇ ಸಿಕ್ಕುಸಿಕ್ಕು. ‘ಎಂಟರ್‌ಟೇನ್‌ಮೆಂಟ್!’ ತಂದದ್ದು ಇಎಂಐ. ಸೇನೆಗೆ ಎಲೆಕ್ಟ್ರಾನಿಕ್ ಸಾಮಗ್ರಿ ಒದಗಿಸುವ ವ್ಯಾಪಾರವೂ ಇದ್ದ ಕಂಪನಿ. ಬಂಡಾಯದ ಹಾಡಿಗೆ ಇಂಥ ಧಣಿಯೇ ಎಂದು ಟೀಕೆ ಬಂತು. ಪರಿಶುದ್ಧರಾಗಿ ಮೂಲೆಯಲ್ಲಿ ಕೂರುವುದಕ್ಕಿಂತ ಹೆಚ್ಚು ಜನರನ್ನು ತಲುಪುವುದು ಮೇಲು ಎಂದು ಇವರ ಉತ್ತರ. ಆದರೆ ತಲುಪುವ ಬಾಗಿಲು ತಾನಾಗಿ ತೆರೆದಾಗ ಏನು ಮಾಡಿದರು? 1979ರಲ್ಲಿ ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮಕ್ಕೆ ಕರೆ ಬಂತು. ಲಕ್ಷಾಂತರ ಮನೆಗಳ ಪರದೆ. ಹಾಡಿನಲ್ಲಿ ನಿರೋಧ್ ಎಂಬರ್ಥದ ಒಂದು ಪದವಿತ್ತು, ತೆಗೆಯಿರಿ ಎಂದರು. ‘ಪೊಟ್ಟಣ’ ಎಂದು ಬದಲಿಸಲು ಹುಡುಗರು ಒಪ್ಪಿದರು. ಅದೂ ಆಗದು, ‘ಕಸ’ ಎನ್ನಿ ಎಂದರು ಅಧಿಕಾರಿಗಳು. ಪದ ಬದಲಿಸಿದ್ದೂ ಕೇಳುಗರಿಗೆ ಗೊತ್ತಾಗಬಾರದು ಎಂಬುದು ಅದರ ಒಳಮರ್ಮ. ನಾಲ್ವರೂ ಎದ್ದು ನಡೆದರು. ಒಂದು ಪದಕ್ಕಾಗಿ ಅವರು ಕಳೆದುಕೊಂಡದ್ದೆಷ್ಟು ಎಂದು ಲೆಕ್ಕ ಹಾಕಿದರೆ ಮೂರ್ಖತನ ಎನಿಸುತ್ತದೆ. ಆದರೆ ಅಂದು ಒಪ್ಪಿಕೊಂಡಿದ್ದರೆ ಇಂದು ಅವರ ಬಗ್ಗೆ ಬರೆಯುವವರು ಯಾರು? 1982ರಲ್ಲಿ ಸಮವಸ್ತ್ರದ ಗಂಡಸನ್ನು ಗೇಲಿ ಮಾಡುವ ಅವರ ಇನ್ನೊಂದು ಹಾಡು ಜನಪ್ರಿಯವಾಗುತ್ತಿದ್ದಂತೆ ಫಾಕ್ಲೆಂಡ್ ಯುದ್ಧ ಬಂತು. ಬಿಬಿಸಿ ಅದನ್ನೂ ಪ್ರಸಾರದಿಂದ ಕೆಳಗಿಳಿಸಿತು.

ಸಮಪಾಲಿನ ಆದರ್ಶವೂ ಒಳಗಿನಿಂದಲೇ ಸವೆಯಿತು. 1981ರಲ್ಲಿ ಅಮೆರಿಕ ಪ್ರವಾಸದ ನಡುವೆ ಡೇವ್ ಆಲನ್ ಹೊರಟುಹೋದ. ಅವನ ಜಾಗಕ್ಕೆ ಬಂದ ಸಾರಾ ಲೀ ತಂಡಕ್ಕೆ ಹೊಸ ಸತ್ವ ತಂದಳು. 1983ರಲ್ಲಿ ಬರ್ನ್‌ಹ್ಯಾಮ್‌ನನ್ನು ಬಿಟ್ಟುಕೊಟ್ಟರು. ಅವನಿಲ್ಲದೆ ಬಂದ ‘ಹಾರ್ಡ್’ ತಟ್ಟೆ ನಯವಾಗಿದೆ, ನುಣುಪಾಗಿದೆ, ಅಷ್ಟೇ ನೀರಸವಾಗಿದೆ. ಆ ಖಾಲಿ ಜಾಗಗಳನ್ನೆಲ್ಲ ಮೆತ್ತೆ ತುರುಕಿ ಮುಚ್ಚಿಬಿಟ್ಟಿದ್ದಾರೆ. ಮುಂದೆ ಒಡೆಯುವುದು, ಕೂಡುವುದು ನಡೆದೇ ಇತ್ತು. ಕಡೆಗೆ ಸುಮಾರು 2012ರಿಂದ ಕಿಂಗ್ ಕೂಡ ಇಲ್ಲದೆ ಗಿಲ್ ಒಬ್ಬನೇ ಹೊಸ ಹುಡುಗರನ್ನು ಕಟ್ಟಿಕೊಂಡು ನಾಲ್ವರ ಹೆಸರನ್ನು ನಡೆಸಿದ.

ಕಡ ಕೊಟ್ಟದ್ದು, ಮಾರಿಹೋದದ್ದು

ತಟ್ಟೆಗಳು ಹೆಚ್ಚು ಮಾರಾಟವಾಗಲಿಲ್ಲ. ಕೊಂಡವರಲ್ಲಿ ಮಾತ್ರ ಬಹಳ ಜನ ತಾವೇ ತಂಡ ಕಟ್ಟಿದರು. ಅಮೆರಿಕದ ಆರ್‌ಇಎಂ, ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್, ನಿರ್ವಾಣ ಎಲ್ಲರೂ ಈ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡವರೇ. ಚಿಲ್ಲಿ ಪೆಪ್ಪರ್ಸ್‌ನ 1984ರ ಮೊದಲ ತಟ್ಟೆಗೆ ನಿರ್ಮಾಪಕನಾಗಿದ್ದವನು ಸ್ವತಃ ಗಿಲ್. 2020ರಲ್ಲಿ ರ‍್ಯಾಪ್ ಜೋಡಿ ‘ರನ್ ದ ಜ್ಯುವೆಲ್ಸ್’ ಅವರ ‘ಈಥರ್’ ಹಾಡಿನ ತುಣುಕನ್ನು ಎತ್ತಿಕೊಂಡು ಹೊಸ ಹಾಡು ಕಟ್ಟಿತು. ಉತ್ತರ ಐರ್ಲೆಂಡಿನ ಸೆರೆಮನೆಗಳಲ್ಲಿ ಕೈದಿಗಳಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ 1979ರಲ್ಲಿ ಬರೆದ ಹಾಡು ಅದು.

ವಿಚಿತ್ರವೆಂದರೆ ಇನ್ನೊಂದು ಹಾಡಿನ ಗತಿ. ಬಿಡುವಿನ ವೇಳೆಯೂ, ಸುಖವೂ, ದೇಹವೂ ಹೇಗೆ ಮಾರುಕಟ್ಟೆಯ ಸರಕಾಗುತ್ತವೆ ಎಂದು ಚುಚ್ಚುವ ‘ನ್ಯಾಚುರಲ್ಸ್ ನಾಟ್ ಇನ್ ಇಟ್’ 2006ರಲ್ಲಿ ಸೋಫಿಯಾ ಕೊಪ್ಪೊಲಾ ಅವರ ‘ಮೇರಿ ಆಂಟನೆಟ್’ ಸಿನಿಮಾದ ಮೊದಲಿಗೇ ಬರುತ್ತದೆ. ರಾಣಿ ಕಾಲು ಚಾಚಿ ಮಲಗಿದ್ದಾಳೆ, ಸುತ್ತ ಕೇಕುಗಳು, ಸೇವಕಿಯೊಬ್ಬಳು ಪಾದಕ್ಕೆ ಚಪ್ಪಲಿ ತೊಡಿಸುತ್ತಿದ್ದಾಳೆ. ಇದು ಸರಿಯಾದ ಬಳಕೆಯೇ ಆಯಿತು. ಆಮೇಲೆ ಅದೇ ಹಾಡು ಮೈಕ್ರೋಸಾಫ್ಟ್ ಕಂಪನಿಯ ಕಿನೆಕ್ಟ್ ಎಂಬ ಮನೆಯೊಳಗಿನ ಆಟದ ಯಂತ್ರದ ಜಾಹೀರಾತಿಗೂ ಹೋಯಿತು. ನಗುವವರು ನಕ್ಕರು, ದ್ರೋಹವೆಂದವರು ಹಾಗೆಂದರು. ತಾವು ಮಾರುಕಟ್ಟೆಯ ಹೊರಗಿದ್ದೇವೆ ಎಂದು ಈ ತಂಡ ಒಂದು ದಿನವೂ ಹೇಳಿರಲಿಲ್ಲ, ನಿಜ. ಆದರೂ ಆ ಜಾಹೀರಾತಿನಲ್ಲಿ ಗಿಲ್‌ನ ಗಿಟಾರ್ ಕೇಳಿದವರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗದೆ ಇರದು. ಹಾಡು ಗೆದ್ದಿತೋ, ಯಂತ್ರ ಗೆದ್ದಿತೋ?

ಲೀಡ್ಸ್‌ನದೂ ಹೆಚ್ಚುಕಡಿಮೆ ಇದೇ ಕಥೆ. ಗಿರಣಿಗಳು ಈಗ ದುಬಾರಿ ಬೆಲೆಯ ಮನೆಗಳು, ಕಚೇರಿಗಳು. ಮಸಿ ತೊಳೆದ ಕಲ್ಲು ಹೊನ್ನಿನ ಬಣ್ಣಕ್ಕೆ ಬಂದಿದೆ. ಕತ್ಬರ್ಟ್ ಬ್ರಾಡ್ರಿಕ್ ಕಟ್ಟಿದ ಗುಮ್ಮಟದ ಕಾರ್ನ್ ಎಕ್ಸ್‌ಚೇಂಜ್‌ನಲ್ಲಿ ಧಾನ್ಯ ವ್ಯಾಪಾರವಿಲ್ಲ, ಆಭರಣ, ಬಟ್ಟೆ, ಕಾಫಿ. ಪಂಕ್ ತಂಡಗಳಿಗೆ ಜಾಗ ಕೊಡುತ್ತ ಊರಿಡೀ ನೆಲೆ ಬದಲಿಸಿದ ಜಾನ್ ಕೀನನ್ ಅವರ ‘ಎಫ್ ಕ್ಲಬ್’ ಬರಿಯ ನೆನಪು. ಆತ 1979ರಲ್ಲಿ ‘ಫ್ಯೂಚುರಾಮಾ’ ಉತ್ಸವ ನಡೆಸಿದ ಕ್ವೀನ್ಸ್ ಹಾಲ್, ಮೂಲತಃ ಟ್ರಾಮ್ ಷೆಡ್ಡು, 1989ರಲ್ಲೇ ನೆಲಸಮವಾಯಿತು. ಉಳಿದುಕೊಂಡದ್ದು ಹೈಡ್ ಪಾರ್ಕ್ ಬಡಾವಣೆಯ ಬ್ರೂಡೆನೆಲ್ ಸೋಷಿಯಲ್ ಕ್ಲಬ್. ಕೆಲಸಗಾರರ ಹಳೆಯ ಕ್ಲಬ್ಬು ಈಗ ದೇಶವಿದೇಶದ ತಂಡಗಳು ಬಯಸಿ ಬರುವ ಸಭಾಂಗಣ. ನದಿಯ ಬಳಿ 2023ರ ಜನವರಿಯಲ್ಲಿ ಹೊಸದೊಂದು ಕಾಲುಸೇತುವೆ ತೆರೆಯಿತು. ಅದಕ್ಕೆ ಡೇವಿಡ್ ಒಲುವಾಲೆಯ ಹೆಸರು. ಹಿಂದಿನ ವರ್ಷ ಅವನ ನೆನಪಿಗೆ ಹಾಕಿದ್ದ ನೀಲಿ ಫಲಕವನ್ನು ಕೆಲವೇ ಗಂಟೆಗಳಲ್ಲಿ ಯಾರೋ ಕಿತ್ತೊಯ್ದಿದ್ದರು.

ಚೀನಾದ ರಾಜಕೀಯದಿಂದ ಹೆಸರು ಕಡ ತಂದ ತಂಡದೊಡನೆ ಆಂಡಿ ಗಿಲ್ 2019ರ ನವೆಂಬರಿನಲ್ಲಿ ಚೀನಾ ಪ್ರವಾಸ ಮಾಡಿದ. ಮರಳಿದ ಮೇಲೆ ಉಸಿರಿನ ಕಾಯಿಲೆ ಬಿಗಡಾಯಿಸಿ 2020ರ ಫೆಬ್ರವರಿ 1ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡ. 64 ವರ್ಷ. ಆಮೇಲೆ ಕಿಂಗ್, ಬರ್ನ್‌ಹ್ಯಾಮ್, ಸಾರಾ ಲೀ ಮತ್ತೆ ಒಂದಾಗಿ ಗಿಟಾರಿಗೆ ಡೇವಿಡ್ ಪಾಹೋ ಅವರನ್ನು ಸೇರಿಸಿಕೊಂಡು ವೇದಿಕೆ ಹತ್ತಿದರು. 2025ರಲ್ಲಿ ‘ದೀರ್ಘ ವಿದಾಯ’ ಎಂದು ಹೆಸರಿಟ್ಟು ಅಮೆರಿಕ, ಯುರೋಪುಗಳಲ್ಲಿ ಕೊನೆಯ ಪ್ರವಾಸ ಹೊರಟರು. ಹೊರಡುವ ಹೊಸ್ತಿಲಲ್ಲೇ, ಏಪ್ರಿಲ್ 5ರಂದು, ಮರೆವಿನ ರೋಗದಿಂದ ಬಳಲಿದ್ದ ಡೇವ್ ಆಲನ್ ತೀರಿಕೊಂಡ ಸುದ್ದಿ ಬಂತು. ಅವನಿಗೆ 69.

ಆ ಪ್ರವಾಸದಲ್ಲಿ ‘ಎಂಟರ್‌ಟೇನ್‌ಮೆಂಟ್!’ ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಬೇಸ್ ಹಿಡಿದವಳು ಗೇಲ್ ಗ್ರೀನ್‌ವುಡ್, ಗಿಟಾರಿಗೆ ಟೆಡ್ ಲಿಯೊ, ಇಬ್ಬರೂ ಅಮೆರಿಕದವರು. ಎಪ್ಪತ್ತರ ಹತ್ತಿರದ ಕಿಂಗ್ ಈಗಲೂ ಮೈಕಿನಿಂದ ಮೈಕಿಗೆ ಓಡಿದ, ಬ್ಯಾಟು ಎತ್ತಿದ. ಹಿಂದೆ ಡ್ರಮ್ಸಿನಲ್ಲಿ ಬರ್ನ್‌ಹ್ಯಾಮ್. ಆ ಖಾಲಿ ಜಾಗಗಳು ಬಂದಾಗ ಹೊಸಬರಿಬ್ಬರೂ ಕೈ ತಡೆದರು, ಗಿಲ್ ಎಷ್ಟು ಹೊತ್ತು ತಡೆಯುತ್ತಿದ್ದನೋ ಅಷ್ಟೇ ಹೊತ್ತು.